'ರಕ್ತದಲ್ಲೇ ಬಂದಿರುತ್ತೆ' ಅನ್ನುವವರಿಗೆ

ಮಾನ್ಯರೇ,

ಮೊನ್ನೆ ಇದೇ ಅಂಕಣದಲ್ಲಿ ಓದುಗರೊಬ್ಬರು 'ಹೊಡೆದಾಟ, ಕಳ್ಳತನ ಎಲ್ಲ ರಕ್ತದಲ್ಲೇ ಬಂದಿರುತ್ತೆ, ಅದಕ್ಕೊಂದು ಜೀನ್ ಕೂಡ ಸಿಕ್ಕಿದೆ' ಅಂತ ಬರೆದಿದ್ದರು. ಜೀನ್ ವಿಷಯ ಸುಳ್ಳಲ್ಲ. ಆದರೆ ಅವರು ಹೇಳಿದ್ದು ಅರ್ಧ ಕಥೆ.

ಅದರ ಹೆಸರು ಎಂಎಒಎ. ಮಿದುಳಿನಲ್ಲಿ ಸೆರೊಟೋನಿನ್, ಡೋಪಮೈನ್ ಥರದ ರಾಸಾಯನಿಕಗಳನ್ನು ಒಡೆಯುವ ಕಿಣ್ವ ತಯಾರಾಗುವುದು ಇದರಿಂದ. ಕೆಲವರಲ್ಲಿ ಇದರ ಕೆಲಸ ಸ್ವಲ್ಪ ಮಂದ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದರು. ಅವರಲ್ಲಿ 442 ಗಂಡುಮಕ್ಕಳ ಲೆಕ್ಕ 2002ರಲ್ಲಿ ಹೊರಬಂತು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬನಿಗೆ ಈ ಮಂದ ಜೀನ್ ಇತ್ತು. ಅಷ್ಟು ಜನವೂ ರೌಡಿಗಳಾದರಾ? ಇಲ್ಲ. ಮಂದ ಜೀನೂ ಇದ್ದು, ಚಿಕ್ಕಂದಿನಲ್ಲಿ ಮನೆಯಲ್ಲಿ ಹೊಡೆತ, ಹಿಂಸೆಯನ್ನೂ ಉಂಡವರು ಒಟ್ಟು ಹುಡುಗರಲ್ಲಿ ಬರೀ ಶೇ 12. ಹಿಂಸೆಯ ಪ್ರಕರಣಗಳಲ್ಲಿ ಆದ ಶಿಕ್ಷೆಗಳಲ್ಲಿ ಶೇ 44 ಅವರ ಪಾಲಿಗೆ ಬಂದಿತ್ತು. ಅದೇ ಜೀನ್ ಇದ್ದೂ ಪ್ರೀತಿಯಿಂದ ಬೆಳೆದ ಹುಡುಗರು ಉಳಿದವರಿಗಿಂತ ಏನೂ ಜಾಸ್ತಿ ಪುಂಡರಾಗಲಿಲ್ಲ. ಬೀಜ ಒಂದೇ, ಬಿದ್ದ ನೆಲ ಬೇರೆ, ಅಷ್ಟೇ.

ಈ 'ರಕ್ತ'ದ ಮಾತು ಹುಬ್ಬಳ್ಳಿಯವರಿಗೆ ಹೊಸದೇನಲ್ಲ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನು ಇಡಿಯಾಗಿ ಹುಟ್ಟಾ ಅಪರಾಧಿಗಳು ಅಂತ ಕಾನೂನೇ ಮಾಡಿದರು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಪಾಸ್ ಬೇಕು. ನಮ್ಮ ಸೆಟ್ಲಮೆಂಟ್ ಏರಿಯಾಕ್ಕೆ ಆ ಹೆಸರು ಬಂದಿದ್ದೇ ಅಲ್ಲಿ ಅಂಥವರನ್ನು ತಂದು ಕೂಡಿಹಾಕಿದ್ದರಿಂದ. ದೇಶದಾದ್ಯಂತ ಆ ಕಾನೂನು ಹೋಗಿದ್ದು 1952ರಲ್ಲಿ. ಹಣೆಪಟ್ಟಿ ಮಾತ್ರ ಇನ್ನೂ ಹೋಗಿಲ್ಲ. 2024ರ ಅಕ್ಟೋಬರಿನಲ್ಲೂ ಜೈಲು ಕೈಪಿಡಿಗಳಲ್ಲಿ ಇದರ ಕುರುಹು ಅಳಿಸಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು!

ನಾನು ಮಾಸ್ತರಿಕೆ ಮಾಡಿದವನು. ಒಮ್ಮೆ ಐದನೇ ಕ್ಲಾಸಿನ ಹುಡುಗಿಯ ಕಂಪಾಸ್ ಬಾಕ್ಸ್ ಕಾಣೆಯಾಯಿತು. ನನ್ನ ಜೊತೆಗಾರ ಮಾಸ್ತರೊಬ್ಬರು ಯಾರನ್ನೂ ಕೇಳದೆ ನೇರ ಹಿಂದಿನ ಬೆಂಚಿಗೆ ಹೋಗಿ ಸೆಟ್ಲಮೆಂಟಿನ ಹುಡುಗನ ಚೀಲ ತಲೆಕೆಳಗು ಮಾಡಿದರು. ಬಿದ್ದದ್ದು ಎರಡು ನೋಟ್‌ಬುಕ್, ಒಂದು ಅರ್ಧ ಕಚ್ಚಿದ ಪೇರಲ ಹಣ್ಣು. ಬಾಕ್ಸ್ ಸಂಜೆ ಹುಡುಗಿಯ ಮನೆಯಲ್ಲೇ ಸಿಕ್ಕಿತು. ತಪ್ಪಾಯಿತಪ್ಪ ಅಂತ ಅವನಿಗೆ ಯಾರೂ ಹೇಳಲಿಲ್ಲ. ಹೌದು, ನಾನೂ ಹೇಳಲಿಲ್ಲ. ಮುಂದಿನ ವಾರ 'ಏ ಕಳ್ಳ' ಅಂತ ಕರೆದ ಹುಡುಗನ ತುಟಿ ಒಡೆದ ಅವನು. ಆಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಂದದ್ದು ಒಂದೇ ಮಾತು: 'ನಾವು ಹೇಳಿರಲಿಲ್ವಾ, ಅವರ ರಕ್ತಾನೇ ಹಾಗೆ.'

ಇನ್ನು ನಿಮಗೊಂದು ಮಾತು, ಸಂಪಾದಕರೇ. ಮನೆಗಳ್ಳತನದ ಸುದ್ದಿ ಹಾಕುವಾಗ ಸಿಕ್ಕಿಬಿದ್ದವನ ಏರಿಯಾ ಹೆಸರನ್ನು ತಲೆಬರಹದಲ್ಲೇ ಕೂರಿಸುವ ಚಾಳಿ ದಯವಿಟ್ಟು ಬಿಡಿ. ಪೊಲೀಸರಿಗೆ ವಿಳಾಸ ಬೇಕು, ಸರಿ. ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರ್ ಓದುವ ನಮಗೆ ಅದರಿಂದ ಏನಾಗಬೇಕಿದೆ?

— ನಿವೃತ್ತ ಶಿಕ್ಷಕ, ಹುಬ್ಬಳ್ಳಿ