ನಲಿಕಲಿ ಚಪ್ಪರದಡಿ ಅವನಿಗೂ ಒಂದು ತಟ್ಟೆ

ಉಡುಪಿ

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿನ್ನ ತರಗತಿಗೆ ಸೇರಿದ, ಆಟಿಸಂ ಇರುವ ಹುಡುಗನ ಬಗ್ಗೆ ನೀನು ಬರೆದ ಪತ್ರ ತಲುಪಿತು.

‘ಆ ಹುಡುಗನನ್ನು ವಿಶೇಷ ಶಾಲೆಗೆ ಕಳುಹಿಸುವುದೇ ಅವನಿಗೂ ಒಳ್ಳೆಯದಲ್ಲವೇ’ ಎಂದು ಕೇಳಿದ್ದೀಯ. ಅದನ್ನು ತೀರ್ಮಾನಿಸುವವರು ಅವನ ತಂದೆ ತಾಯಿ. ನೀನಲ್ಲ, ನಿಮ್ಮ ಮುಖ್ಯೋಪಾಧ್ಯಾಯರಂತೂ ಅಲ್ಲವೇ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರು ಹಿಡಿದೇ ಸೇರಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆ ಎಂದು ಪ್ರಮಾಣಪತ್ರ ಸಿಕ್ಕ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಅದು ಮನೆಯ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬುದು ಅವರ ಆಯ್ಕೆ. ಅವರು ನಿಮ್ಮ ಶಾಲೆಯನ್ನು ಆರಿಸಿಕೊಂಡಿದ್ದಾರೆ. ಇನ್ನು ಆ ಚರ್ಚೆ ಬೇಡ.

ನಿನ್ನ ಭಯ ನನಗೆ ಅರ್ಥವಾಗುತ್ತದೆ. ಒಂದರಿಂದ ಮೂರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ನೀನೊಬ್ಬಳು. ಇವನು ಕಿಟಕಿಯ ಸರಳಿನ ಹತ್ತಿರ ನಿಂತು ಕೈ ಬೀಸುತ್ತಿರುತ್ತಾನೆ. ‘ಊಟ ಆಯಿತಾ’ ಎಂದರೆ ‘ಊಟ ಆಯಿತಾ’ ಎಂದೇ ತಿರುಗಿ ಹೇಳುತ್ತಾನೆ. ‘ನಾನು ವಿಶೇಷ ಶಿಕ್ಷಣದ ತರಬೇತಿ ಪಡೆದವಳಲ್ಲ ದೊಡ್ಡಮ್ಮ’ ಎಂದು ಬರೆದಿದ್ದೀಯ. ಪಡೆಯದಿದ್ದರೇನು, ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯನ್ನು ನಡೆಸುತ್ತಿದ್ದೀಯಲ್ಲ!

1995ರಲ್ಲಿ ಎಚ್.ಡಿ. ಕೋಟೆಯ ಹಳ್ಳಿ ಶಾಲೆಗಳಲ್ಲಿ ಅದು ಶುರುವಾದಾಗ ಆಟಿಸಂ ಯಾರ ಲೆಕ್ಕದಲ್ಲೂ ಇರಲಿಲ್ಲ. ಆದರೂ ನೋಡು. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಹುಡುಕಿಕೊಳ್ಳುತ್ತದೆ, ಆ ಮೆಟ್ಟಿಲಿನ ಚಿಹ್ನೆಯಿರುವ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ, ತನ್ನ ವೇಗದಲ್ಲಿ ಮುಗಿಸುತ್ತದೆ. ಪಕ್ಕದವನು ಮುಂದೆ ಹೋದನೆಂದು ಯಾರೂ ಇವನನ್ನು ಎಳೆಯುವುದಿಲ್ಲ. ಚಿತ್ರ ನೋಡಿ ಬೇಗ ತಿಳಿದುಕೊಳ್ಳುವ, ಎಲ್ಲವೂ ಒಂದು ಕ್ರಮದಲ್ಲಿದ್ದರೆ ನೆಮ್ಮದಿಯಾಗಿರುವ ಮಗುವಿಗೆ ಇದಕ್ಕಿಂತ ಹೇಳಿ ಮಾಡಿಸಿದ ಪದ್ಧತಿ ಬೇಕೆ?

ಅವನಿಗೆ ಕಷ್ಟವಾಗುವುದು ಒಂದು ತಟ್ಟೆಯಿಂದ, ಅಂದರೆ ಮಕ್ಕಳು ಕೂತು ಕಲಿಯುವ ಒಂದು ಗುಂಪಿನಿಂದ, ಇನ್ನೊಂದಕ್ಕೆ ಏಳುವಾಗ. ಮಕ್ಕಳು ಚಾಪೆ ಎಳೆದು, ಕೂಗಾಡಿ, ಜಾಗಕ್ಕಾಗಿ ನೂಕಾಡುವ ಆ ಅರೆ ನಿಮಿಷ ನಿನಗೆ ಏನೂ ಅಲ್ಲ. ಅವನಿಗೆ ಮುಂದೇನು, ತಾನು ಎಲ್ಲಿ ಕೂರಬೇಕು ಎಂಬುದು ಒಂದೂ ತಿಳಿಯದ ಹೊತ್ತು. ನಿನ್ನ ಪತ್ರವನ್ನು ಮತ್ತೊಮ್ಮೆ ಓದಿದೆ. ಅವನು ಕಿವಿ ಮುಚ್ಚಿಕೊಂಡು ಕಿರುಚಿದ್ದು ಪ್ರಾರ್ಥನೆ ಮುಗಿದು ಒಳಗೆ ಬರುವಾಗ, ಬಿಸಿಯೂಟದ ಗಂಟೆ ಬಾರಿಸಿದಾಗ, ಮಳೆ ಜೋರಾಗಿ ಮಧ್ಯಾಹ್ನವೇ ಶಾಲೆ ಬಿಟ್ಟಾಗ. ಕಾರ್ಡು ಹಿಡಿದು ಕೂತಿದ್ದಾಗ ಕಿರುಚಿದನೆಂದು ನೀನು ಒಂದು ಕಡೆಯೂ ಬರೆದಿಲ್ಲ. ಇದನ್ನು ನೀನೇ ಗಮನಿಸಿದಂತಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಅವನ ದಿನವನ್ನು ಅವನಿಗೆ ಮೊದಲೇ ತೋರಿಸುವುದು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಗೈಯಗಲದ ಚಿತ್ರಗಳನ್ನು ಬರೆ: ಪ್ರಾರ್ಥನೆ, ಹಾಲಿನ ಲೋಟ, ಕಾರ್ಡು, ಆಟ, ಊಟದ ಬಟ್ಟಲು, ಹಾಡು, ಮನೆ. ತಲೆಯ ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಚಪ್ಪರದಿಂದ ಒಂದು ದಾರ ಇಳಿಬಿಟ್ಟು, ಅವನ ಕಣ್ಣಿನ ಎತ್ತರಕ್ಕೆ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಾಲಾಗಿ ಸಿಕ್ಕಿಸು. ಒಂದು ಕೆಲಸ ಮುಗಿದ ಕೂಡಲೇ ಆ ಚಿತ್ರವನ್ನು ಅವನೇ ಮಗುಚಿ ಹಾಕಲಿ, ನೀನು ಮಗುಚಬೇಡ. ಗಂಟೆ ಬಾರಿಸುವ ಮೊದಲು ಹತ್ತಿರ ಹೋಗಿ ಊಟದ ಚಿತ್ರವನ್ನು ಬೆರಳಿನಿಂದ ತೋರಿಸು, ಎರಡೇ ಮಾತು ಸಾಕು. ನಮ್ಮ ಜಿಲ್ಲೆಯಲ್ಲಿ ಜುಲೈ ಬಂದರೆ ಮಳೆಯ ರಜೆ ಯಾವಾಗ ಎಂದು ಜಿಲ್ಲಾಧಿಕಾರಿಗೂ ಹಿಂದಿನ ರಾತ್ರಿಯವರೆಗೆ ಗೊತ್ತಿರುವುದಿಲ್ಲ. ಅದಕ್ಕೆ ಕೊಡೆಯ ಚಿತ್ರವೊಂದನ್ನು ಮಾಡಿ ಮನೆಗೂ ಒಂದು ಪ್ರತಿ ಕೊಡು. ಸಮವಸ್ತ್ರ ತೊಟ್ಟು ಹೊರಟವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವುದಕ್ಕಿಂತ ಕೊಡೆ ತೋರಿಸುವುದು ಅವನ ತಾಯಿಗೆ ಸುಲಭ. ಅವನು ಕೂರುವ ಜಾಗದ ಮೇಲೆ ಮಾತ್ರ ಚಪ್ಪರದ ಚಿತ್ರಗಳನ್ನು ಕಡಿಮೆ ಮಾಡು. ಫ್ಯಾನ್ ಗಾಳಿಗೆ ಅವು ಪಟಪಟನೆ ಹಾರುತ್ತಿದ್ದರೆ ಕಾರ್ಡಿನ ಮೇಲೆ ಅವನ ಕಣ್ಣು ನಿಲ್ಲುವುದು ಹೇಗೆ?

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಅವನು ಕಿರುಚಿಯೇ ಕಿರುಚುತ್ತಾನೆ. ಅದನ್ನು ಹಠ ಎನ್ನಬೇಡ. ಹಠ ಹಿಡಿದ ಮಗು ನಿನ್ನ ಮುಖ ನೋಡುತ್ತಾ ಅಳುತ್ತದೆ. ಇವನಿಗೆ ಆ ಹೊತ್ತಿನಲ್ಲಿ ನೀನು ಕಾಣುವುದೂ ಇಲ್ಲ. ಬೈಯಬೇಡ, ಪ್ರಶ್ನೆ ಕೇಳಬೇಡ, ಕೈ ಹಿಡಿದು ಎಳೆಯಬೇಡ. ಅವನು ಸುಮ್ಮನೆ ಕೂತು ಸುಧಾರಿಸಿಕೊಳ್ಳಲು ಪುಸ್ತಕದ ಕಪಾಟಿನ ಹಿಂದೆ ಒಂದು ಚಾಪೆ ಹಾಕಿಡು. ಆದರೆ ನೆನಪಿಡು, ಬೇರೆ ಯಾವ ಮಗುವನ್ನೂ ಶಿಕ್ಷೆಗೆಂದು ಅಲ್ಲಿಗೆ ಕಳುಹಿಸಬಾರದು. ಒಮ್ಮೆ ಕಳುಹಿಸಿದೆಯೋ, ಆ ಜಾಗ ಕೆಟ್ಟಿತು.

ಬಿಸಿಯೂಟದ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನು ಅವನು ಮುಟ್ಟುವುದಿಲ್ಲ ಎಂದು ಅಡುಗೆಯವರು ಗೊಣಗುತ್ತಾರಂತೆ. ಮನೆಯಲ್ಲಿ ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಉಂಡ ಮಗು. ಬುತ್ತಿ ತರಲಿ ಬಿಡು, ಎಲ್ಲರ ಪಂಕ್ತಿಯಲ್ಲೇ ಕೂತು ಉಣ್ಣಲಿ.

ಭಾಷೆಯ ವಿಷಯದಲ್ಲಿ ನಿನ್ನ ಸಹೋದ್ಯೋಗಿ ಕೊಟ್ಟ ಸಲಹೆ ಓದಿ ನನಗೆ ಸಿಟ್ಟೇ ಬಂತು. ‘ಮನೆಯಲ್ಲಿ ತುಳು ಬಿಡಿ, ಕನ್ನಡ ಮಾತ್ರ ಆಡಿ, ಇಲ್ಲದಿದ್ದರೆ ಮಾತು ಬರುವುದಿಲ್ಲ’ ಎಂದು ತಾಯಿಗೆ ಹೇಳಿದರಂತೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಯ ಬಾಯಲ್ಲಿ ಬರುವುದು ತುಳು ಒಂದೇ ಆಗಿದ್ದರೆ ಆ ಮುದುಕಿ ಮೊಮ್ಮಗನ ಜೊತೆ ಮೂಕಿಯಾಗಿ ಕೂರಬೇಕೇ? ಅವನು ‘ಬೊಡ್ಚಿ’ (ಬೇಡ) ಎಂದರೆ ನೀನೂ ತುಳುವಿನಲ್ಲೇ ಮಾತನಾಡಿಸು, ಆಮೇಲೆ ಕನ್ನಡದಲ್ಲಿ ಹೇಳಿಕೊಡು. ಬೇಡ ಎಂದು ಬಾಯಿಬಿಟ್ಟು ಹೇಳಬಲ್ಲವನು ತಳ್ಳುವುದು, ಕಚ್ಚುವುದು ತಾನಾಗಿ ಕಡಿಮೆಯಾಗುತ್ತದೆ.

ತಾಯಿ ದಿನವಿಡೀ ಜಗಲಿಯಲ್ಲಿ ಕೂತಿರಲಿ ಎಂಬ ಶಾಲೆಯ ಶರತ್ತಿಗೆ ನೀನು ತಲೆಯಾಡಿಸಬೇಡ. ಆಕೆ ಬೀಡಿ ಕಟ್ಟಿ ಸಂಸಾರ ನಡೆಸುವವಳು. ಮೊದಲ ವಾರ ಬಂದು ಹೋಗಲಿ, ಅವನಿಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ಆಕೆಯಿಂದ ನೀನು ಕಲಿ, ಅಷ್ಟೇ. ಆಕೆಯ ಜಾಗಕ್ಕೆ ಮೂರನೇ ತರಗತಿಯ ಜಾಣ ಹುಡುಗಿಯೊಬ್ಬಳನ್ನು ಆಯಾ ಮಾಡಿ ಕೂರಿಸುವುದೂ ಬೇಡ. ಅವಳೂ ಕಲಿಯಲು ಬಂದವಳೇ. ‘ಅವನು ಯಾಕೆ ಹೀಗೆ, ಟೀಚರ್?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಜೋರು ಸದ್ದು ಅವನ ಕಿವಿಗೆ ನೋವು ಕೊಡುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳು. ಪಾಪ ಎಂಬ ಪದ ನಿನ್ನ ಬಾಯಿಂದ ಬರಬಾರದು. ಕಲ್ಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ ಎಂದೆಯಲ್ಲ, ಲಗೋರಿ ಆಡುವಾಗ ಕಲ್ಲು ಪೇರಿಸುವುದು ಅವನ ಪಾಲಿಗೆ ಬಿಡು. ಅವನಷ್ಟು ನೆಟ್ಟಗೆ ಪೇರಿಸುವವರು ತಂಡದಲ್ಲಿ ಇನ್ನೊಬ್ಬರು ಸಿಗಲಾರರು, ಆಗ ಮಕ್ಕಳೇ ಅವನನ್ನು ಕರೆಯುತ್ತಾರೆ.

ಕಾಗದಪತ್ರದ ಕೆಲಸವನ್ನೂ ಮುಂದೂಡಬೇಡ. ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಎಂದರೆ ಆ ಮನೆಯವರು ಹಿಂಜರಿಯುತ್ತಿರುವುದು ಅಕ್ಕನ ಮದುವೆಗೆ ಅಡ್ಡಿಯಾದೀತು ಎಂಬ ಭಯದಿಂದ. ಒತ್ತಾಯ ಮಾಡದೆ, ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ನೀನೇ ಒಮ್ಮೆ ಜೊತೆಗೆ ಹೋಗಿ ಬಾ. ಬಿ.ಆರ್.ಸಿ.ಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಇಂತಹ ಮಕ್ಕಳಿಗೆಂದೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರು ನಿಮ್ಮ ಶಾಲೆಗೆ ಬರಬೇಕೆಂದು ಲಿಖಿತವಾಗಿ ಕೇಳು, ಪ್ರತಿ ಇಟ್ಟುಕೊ. ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ಹೇಳಿದೆ. ಆ ಮಾತು ನಿಮ್ಮ ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಈ ಹುಡುಗ ಹೈಸ್ಕೂಲು ಸೇರಿರಲೂಬಹುದು. ಆದರೂ ಕೇಳದೆ ಬಿಡಬೇಡ.

ಶನಿವಾರ ಮಧ್ಯಾಹ್ನ ಬಿಡುವಿದ್ದರೆ ಇತ್ತ ಬಾ, ಚಿತ್ರಗಳನ್ನು ಇಬ್ಬರೂ ಕೂತು ಕತ್ತರಿಸೋಣ. ಗಟ್ಟಿ ರಟ್ಟು ನನ್ನ ಬಳಿ ಬೇಕಾದಷ್ಟಿದೆ, ಲ್ಯಾಮಿನೇಷನ್‌ಗೆ ದುಡ್ಡು ಸುರಿಯಬೇಡ.

ಇತಿ ನಿನ್ನ
ದೊಡ್ಡಮ್ಮ