ಪಾಳುಬಿದ್ದ ಹಳ್ಳಿಯಲ್ಲಿ ವೆಲ್ಶ್ ಪಾಠ

ಸಂಪಾದಕರಿಗೆ,

ಮಾನ್ಯರೇ,

ಬ್ರಿಟನ್ನಿನ ವೇಲ್ಸ್ ನಾಡಿನ ಭಾಷೆಯಾದ ವೆಲ್ಶ್ ಮಾತನಾಡುವ ಹಳ್ಳಿಗಳ ಚರಿತ್ರೆಯೆಂದರೆ, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಮುಳುಗಡೆಯಾದ ಕಾಪೆಲ್ ಕೆಲಿನ್ ಊರಿನ ಹೆಸರೇ ಮೊದಲು ಬರುತ್ತದೆ. ಬರಬೇಕಾದದ್ದೇ. ಆದರೆ ಅದೇ ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ, ಲೀನ್ ಪರ್ಯಾಯ ದ್ವೀಪದ ಕರಾವಳಿಯಲ್ಲಿ, ಪಾಳುಬಿದ್ದು ಮತ್ತೆ ಎದ್ದ ನಾಂಟ್ ಗುರ್ಥೈರ್ನ್ ಎಂಬ ಹಳ್ಳಿಯೂ ಇದೆ. ಭಾಷೆಯ ಅಳಿವು ಉಳಿವಿನ ಚರ್ಚೆಯಲ್ಲಿ ಆಸಕ್ತಿಯಿರುವ ತಮ್ಮ ಓದುಗರ ಗಮನಕ್ಕೆ ಅದನ್ನು ತರುವ ಸಲುವಾಗಿ ಈ ಪತ್ರ.

ಕಡಿದಾದ ಬೆಟ್ಟಗಳ ನಡುವೆ ಸಮುದ್ರದ ಕಡೆಗೆ ಮಾತ್ರ ತೆರೆದಿರುವ ಈ ಕಣಿವೆಯಲ್ಲಿ 1861ರಲ್ಲಿ ಗ್ರಾನೈಟ್ ಕ್ವಾರಿ ಆರಂಭವಾಯಿತು. ಇಲ್ಲಿ ಒಡೆದ ಸೈಜುಗಲ್ಲು ಹಡಗೇರಿ ಹೋಗಿ ಇಂಗ್ಲೆಂಡಿನ ಕೈಗಾರಿಕಾ ನಗರಗಳ ಬೀದಿಗಳಿಗೆ ಹಾಸಾಯಿತು. ಕೆಲಸಗಾರರಿಗಾಗಿ ಎದ್ದ ಎರಡು ಸಾಲು ಮನೆಗಳಿಗೆ, ವೆಲ್ಶ್‌ನಲ್ಲಿ, ‘ಕಡಲ ನೋಟ’ ಮತ್ತು ‘ಬೆಟ್ಟದ ನೋಟ’ ಎಂಬ ಅರ್ಥದ ಹೆಸರುಗಳಿವೆ. ಕಲ್ಲಿಗೆ ಬೇಡಿಕೆ ತಗ್ಗಿ ಕ್ವಾರಿ ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಬೆಟ್ಟ ಹತ್ತಿ ಹೋದರು. 1959ರ ಹೊತ್ತಿಗೆ ಊರು ಬರಿದಾಯಿತು. ಸೂರು ಕುಸಿಯಿತು, ನೆಲದ ಹಲಗೆಗಳು ಯಾರ ಯಾರದೋ ಒಲೆಗೆ ಸೌದೆಯಾದವು.

ಪಕ್ಕದ ಊರಿನಲ್ಲಿ ವೈದ್ಯರಾಗಿದ್ದ ಕಾರ್ಲ್ ಕ್ಲೌಸ್ ಅವರಿಗೆ, ದುಡಿಮೆ ಇಲ್ಲದೆ ಯುವಕರು ಊರು ಬಿಟ್ಟರೆ ಅವರ ಹಿಂದೆಯೇ ಭಾಷೆಯೂ ಹೊರಡುತ್ತದೆ ಎಂಬುದು ಸ್ಪಷ್ಟವಾಗಿತ್ತು. ವಯಸ್ಕರಿಗೆ ವೆಲ್ಶ್ ಕಲಿಸುವ ವಸತಿ ಕೇಂದ್ರವಾದರೆ ಮನೆಗಳೂ ಉಳಿಯುತ್ತವೆ, ಸುತ್ತಲಿನವರಿಗೆ ಕೆಲಸವೂ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ. 1978ರಲ್ಲಿ ಅವರು ಮತ್ತು ಸಂಗಡಿಗರು ಕಟ್ಟಿದ ಟ್ರಸ್ಟ್, ನೀರು, ವಿದ್ಯುತ್ ಯಾವುದೂ ಇಲ್ಲದ ಆ ಹಾಳೂರನ್ನು ಕೊಂಡು, ಚಂದಾ ಎತ್ತಿ, ಸ್ವಯಂಸೇವಕರ ಕೈದುಡಿಮೆಯಿಂದ ದುರಸ್ತಿ ಮಾಡಿಸಿ, 1982ರಲ್ಲಿ ಮೊದಲ ತರಗತಿ ನಡೆಸಿತು. ಪರಂಪರೆಯ ಹೆಸರಿನಲ್ಲಿ ಕಟ್ಟಡಕ್ಕೆ ಸುಣ್ಣ ಬಳಿದು, ಫಲಕ ನೆಟ್ಟು, ಬೀಗ ಹಾಕುವ ಕ್ರಮಕ್ಕಿಂತ ಇದು ಎಷ್ಟೋ ವಾಸಿ ಎಂದು ನನ್ನ ಅಭಿಪ್ರಾಯ. ಕ್ವಾರಿಯವರ ಅದೇ ಮನೆಗಳಲ್ಲಿ ಇಂದು ಕಲಿಯಲು ಬಂದವರು ಉಳಿದುಕೊಳ್ಳುತ್ತಾರೆ.

ಊರಿನ ದಂತಕಥೆಯೊಂದನ್ನು ಹೇಳದೆ ಇರಲಾರೆ. ಮದುವೆಯ ದಿನ ವಧು ಅಡಗಿಕೊಳ್ಳುವ, ವರನ ಕಡೆಯವರು ಹುಡುಕುವ ಪದ್ಧತಿಯಂತೆ ಮೈನಿರ್ ಎಂಬ ಹುಡುಗಿ ಟೊಳ್ಳು ಓಕ್ ಮರದೊಳಗೆ ಅವಿತು ಸಿಕ್ಕಿಕೊಂಡಳು. ವರ್ಷಗಳ ನಂತರ ಸಿಡಿಲು ಬಡಿದು ಮರ ಸೀಳಿದಾಗ ಸಿಕ್ಕಿದ್ದು ಮದುವೆಯ ಉಡುಪಿನಲ್ಲಿದ್ದ ಅಸ್ಥಿಪಂಜರ. ಈ ಊರಿನ ಪ್ರೇಮಿಗಳು ಪರಸ್ಪರ ಮದುವೆಯಾಗಲಾರರು ಎಂಬ ಶಾಪವೂ ಇದೆಯಂತೆ. ಅದೇ ಊರು ಈಗ ಮದುವೆಗಳಿಗೆ ಬಾಡಿಗೆಗೆ ಸಿಗುತ್ತದೆ.

– ಒಬ್ಬ ಓದುಗ, ಮೈಸೂರು