ಎರಡು ಸಲ ಐಸ್ ಕಳೆದುಕೊಂಡ ಹುಡುಗ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ಪುಟ್ಟಿ ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ ಅಂದೆ. ನಾನು ಜಪಾನಿನ ಐಸ್ ಸ್ಕೇಟರ್ ಯುಜುರು ಹಾನ್ಯು ಹೆಸರು ಎತ್ತಿದ್ದೇ ತಡ, "ಅವನ ಕಥೆ ಬೇರೆ ಬಿಡು ಮಾರಾಯ, ಹುಟ್ಟು ಪ್ರತಿಭೆ" ಅಂತ ಬಾಯಿ ಮುಚ್ಚಿಸಿದೆ. ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಅದಕ್ಕೇ ಈ ಪತ್ರ. ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೈಯಬೇಡ.

ಪ್ರತಿಭೆ ಇತ್ತು, ಒಪ್ಪಿದೆ. ಆದರೆ ಅವನು ದೊಡ್ಡ ಹೆಸರಾಗುವ ಮೊದಲು ಅವನ ಕಾಲ ಕೆಳಗಿನ ಐಸೇ ಎರಡು ಸಲ ಹೋಗಿತ್ತು, ಗೊತ್ತಾ?

ಅವನು 1994ರ ಡಿಸೆಂಬರಿನಲ್ಲಿ ಜಪಾನಿನ ಸೆಂಡೈ ಊರಲ್ಲಿ ಹುಟ್ಟಿದವನು. ಎರಡು ವರ್ಷಕ್ಕೇ ಉಬ್ಬಸ. ಅಕ್ಕ ಸ್ಕೇಟಿಂಗ್‌ಗೆ ಹೋಗುತ್ತಿದ್ದಳು, ನಾಲ್ಕು ವರ್ಷದ ಇವನೂ ಅವಳ ಬೆನ್ನು ಹತ್ತಿದ. ರಷ್ಯಾದ ಸ್ಕೇಟರ್ ಪ್ಲುಶೆಂಕೊ ಅಂದರೆ ಪ್ರಾಣ. ಹಳೆಯ ಫೋಟೊ ನೋಡು, ತಲೆಗೂದಲು ಥೇಟ್ ಅಣಬೆ. ಅದೂ ಪ್ಲುಶೆಂಕೊನ ನಕಲೇ!

2004ರ ಕೊನೆಗೆ ಅವನು ಕಲಿಯುತ್ತಿದ್ದ ರಿಂಕ್, ಅಂದರೆ ಸ್ಕೇಟಿಂಗ್‌ಗೆ ಐಸ್ ಹಾಸಿದ ಅಂಕಣ, ಮುಚ್ಚಿತು. ಕಾರಣ ದುಡ್ಡು. ಐಸ್ ರಿಂಕ್ ನಡೆಸುವುದು ಅಂದರೆ ಸುಮ್ನೆ ಅಲ್ಲ. ನೆಲದಡಿಯ ಕೊಳವೆಗಳಲ್ಲಿ ತಂಪು ದ್ರವ ಹಗಲೂ ರಾತ್ರಿ ಹರಿಯುತ್ತಲೇ ಇರಬೇಕು, ಕರೆಂಟ್ ಬಿಲ್ ಏರುತ್ತಲೇ ಇರುತ್ತದೆ. ಹುಡುಗ ಊರಿನ ಇನ್ನೊಂದು ರಿಂಕ್‌ಗೆ ಹೋದ. ಅಲ್ಲಿ ಐಸ್ ಮೇಲೆ ಸಿಗುವ ಹೊತ್ತು ಕಡಿಮೆ. ಅವನ ಕೋಚ್ ತ್ಸುಜುಕಿ ಬೇರೆ ಊರಿಗೆ ಹೋದರು.

2006ರಲ್ಲಿ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಸ್ಕೇಟರ್ ಶಿಜುಕಾ ಅರಕಾವಾ ಚಿನ್ನ ಗೆದ್ದರು. ಅವರೂ ಸೆಂಡೈಯಲ್ಲೇ ಆಡಿ ಬೆಳೆದವರು. ಊರಿನವರಿಗೆ ರಿಂಕ್ ನೆನಪಾಯಿತು. ಮುಚ್ಚಿದ್ದ ಆ ರಿಂಕ್ 2007ರಲ್ಲಿ ಮತ್ತೆ ಬಾಗಿಲು ತೆರೆಯಿತು. ಚಿನ್ನ ಬರುವ ತನಕ ಯಾರಿಗೂ ನೆನಪಾಗುವುದಿಲ್ಲ, ಅಲ್ಲೂ ನಮ್ಮ ಹಾಗೇ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 13ಕ್ಕೆ ಜಪಾನಿನ ಜೂನಿಯರ್ ಚಾಂಪಿಯನ್. 2010ರಲ್ಲಿ ಹೇಗ್ ಊರಿನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, ಆಗ 15. ಅದೇ ವರ್ಷ ಸೀನಿಯರ್ ಆಗಿ ಮೊದಲ ದೊಡ್ಡ ಸ್ಪರ್ಧೆಯಲ್ಲೇ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಇಳಿದ. ಅಷ್ಟೂ ಸುತ್ತು ಒಂದು ಸೆಕೆಂಡಿನೊಳಗೆ ಮುಗಿಯಬೇಕು. 2011ರ ಫೆಬ್ರವರಿಯಲ್ಲಿ ತೈಪೆಯ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಳ್ಳಿ.

ಮಾರ್ಚ್ 11ರ ಮಧ್ಯಾಹ್ನ ಅವನು ಸೆಂಡೈ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ. ಭೂಕಂಪ. ಸ್ಕೇಟ್ ಬಿಚ್ಚಲೂ ಹೊತ್ತಿಲ್ಲ. ಕವರ್ ಹಾಕದೆ ನೆಲಕ್ಕೆ ತಾಗಿಸಲೂ ಹೆದರುವ ಬ್ಲೇಡು, ಅದರಲ್ಲೇ ಹೊರಗೆ ಓಡಿದ. ಮನೆಯವರೆಲ್ಲ ಕೆಲವು ದಿನ ಪರಿಹಾರ ಕೇಂದ್ರದಲ್ಲಿದ್ದರು. ರಿಂಕ್ ಮತ್ತೆ ಬಂದ್. ಊರಲ್ಲಿ ಜನರಿಗೆ ಕುಡಿಯಲು ನೀರಿಲ್ಲದಾಗ ಐಸ್ ಬೇಕು ಅಂತ ಯಾರ ಹತ್ತಿರ ಕೇಳುವುದು? ಅವನಿಗೇ ಸ್ಕೇಟಿಂಗ್ ಬಿಟ್ಟುಬಿಡೋಣ ಅನ್ನಿಸಿತ್ತಂತೆ.

ಅವನನ್ನು ಕರೆದು ಜಾಗ ಕೊಟ್ಟವರು ಯೊಕೊಹಾಮಾದಲ್ಲಿದ್ದ ಅದೇ ಹಳೆಯ ಕೋಚ್ ತ್ಸುಜುಕಿ. ಆಮೇಲೆ ನಡೆದದ್ದೇ ನನಗೆ ತುಂಬಾ ಇಷ್ಟ. ಊರೂರಿನ ಐಸ್ ಶೋಗಳಲ್ಲಿ ಆಡುತ್ತಾ ಹೋದ, ಆ ವರ್ಷ ಸುಮಾರು 60 ಶೋ. ಶೋ ನಡೆಯುವಲ್ಲಿ ಐಸ್ ಇರುತ್ತದಲ್ವಾ? ಅದರ ಮುಂಚೆ, ನಂತರ ಸಿಕ್ಕಷ್ಟು ಹೊತ್ತು ಅದೇ ಅವನ ಅಭ್ಯಾಸ. ನಮ್ಮ ಯಕ್ಷಗಾನ ಮೇಳದ ಹುಡುಗರು ತಿರುಗಾಟದಲ್ಲೇ ಕಲಿಯುತ್ತಾರಲ್ಲ, ಹಾಗೆ.

ಮರು ವರ್ಷ ಫ್ರಾನ್ಸಿನ ನೀಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಮೊದಲ ಸುತ್ತಿನಲ್ಲಿ ಏಳನೆಯವನು. ಎರಡನೆಯದರಲ್ಲಿ ಹಾರುವಾಗಲ್ಲ, ಬರೀ ಹೋಗುವಾಗ ಎಡವಿ ಬಿದ್ದ. ಎದ್ದವನೇ ಕಷ್ಟದ ಜಂಪ್ ಹಾರಿದ. ಕೊನೆಗೆ ಉಸಿರು ಸಾಲದೆ ಮುಖ ಕಿವುಚುತ್ತಿತ್ತು. ಕಂಚು ಬಂತು. ವಯಸ್ಸು 17. ಆ ವಿಡಿಯೊ ಪುಟ್ಟಿಗೆ ತೋರಿಸು, ಬಿದ್ದ ಜಾಗವನ್ನು ಎರಡು ಸಲ ತೋರಿಸು. 2014ರ ಸೋಚಿ ಒಲಿಂಪಿಕ್ಸ್‌ನ ಚಿನ್ನ ಎಲ್ಲರೂ ನೋಡಿರುತ್ತಾರೆ, ಅದು ಇರಲಿ.

ಇನ್ನೊಂದು ಮರೆತೆ. 2012ರಲ್ಲಿ ಅವನ ಆತ್ಮಕಥೆ ಬಂತು. ಅದರ ಗೌರವಧನ ಹೋದದ್ದು ಸೆಂಡೈ ರಿಂಕ್‌ಗೆ.

ಈಗ ನಮ್ಮ ವಿಷಯ. ನಿಮ್ಮ ಬೀದಿ ಕೊನೆಯ ಕಲ್ಯಾಣಮಂಟಪ ಆಷಾಢದಲ್ಲಿ ಖಾಲಿ ಇರುತ್ತದಲ್ವಾ? ಊಟದ ಹಾಲ್‌ನ ನೆಲ ನುಣುಪಾಗಿದೆ, ಹೋದ ಸಲ ಹೋಳಿಗೆ ತಿನ್ನುವಾಗ ನೋಡಿದ್ದೆ. ಟೇಬಲ್ ಸರಿಸಿದರೆ ಎಂಟು ಹತ್ತು ಮಕ್ಕಳು ಆರಾಮಾಗಿ ಸುತ್ತಬಹುದು. ಯಜಮಾನರ ಹತ್ತಿರ ಬೆಳಗ್ಗೆ ಆರರಿಂದ ಎಂಟು ಮಾತ್ರ ಕೇಳು. ನೆಲಕ್ಕೆ ಗೀರು ಬೀಳುತ್ತದೆ ಅಂದರೆ ಪುಟ್ಟಿಯ ಸ್ಕೇಟ್ ತೆಗೆದುಕೊಂಡು ಹೋಗಿ ಚಕ್ರ ಮುಟ್ಟಿಸಿ ತೋರಿಸು. ಶನಿವಾರ ಬರುತ್ತೇನೆ, ಒಬ್ಬನೇ ಕೇಳಲು ಸಂಕೋಚ ಆದರೆ ಜೊತೆಗೆ ಹೋಗೋಣ.

ನಿನ್ನವನೇ